ಕೊರಡಿಗೆ ತಾಗಿದ ತಗಡಿನ ಎಲೆ

ಡಲ್ಲಾಸ್, ಟೆಕ್ಸಸ್
ಮಾರ್ಚ್ 17

ತೀರ್ಥರೂಪರಾದ ಅಪ್ಪಯ್ಯನವರಿಗೆ,

ಮಗನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಕಳೆದ ಭಾನುವಾರ ಫೋನಿನಲ್ಲಿ ತಾವು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಎರೆಹುಳುವಿಲ್ಲ, ಕಪ್ಪೆಯಿಲ್ಲ, ಹಿಟ್ಟಿನ ಉಂಡೆಯೂ ಇಲ್ಲ. ಬರೀ ತಂತಿಗೂ ತಗಡಿಗೂ ಮೀನು ಹೇಗೆ ಬೀಳುತ್ತದೆ ಎಂದು ಕೇಳಿದಿರಿ. ಗಾಳ ಹಾಕುವುದನ್ನು ನನಗೆ ಕಲಿಸಿದವರು ತಾವೇ ಆದ್ದರಿಂದ ಅರೆಬರೆ ಉತ್ತರ ಕೊಡಲು ಮನಸ್ಸು ಒಪ್ಪದೆ, ಸ್ಪಿನ್ನರ್‌ಬೇಟ್ ಎಂಬ ಆ ತಂತಿಯ ಬಗ್ಗೆ ಈ ಎರಡು ವರ್ಷಗಳಲ್ಲಿ ಕಲಿತದ್ದನ್ನು ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಾನು ಹೋಗುವ ಜಲಾಶಯದ ಹೆಸರು ಲೇಕ್ ಫೋರ್ಕ್. ಇಲ್ಲಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಸಬೀನ್ ನದಿಗೆ ಸೇರುವ ಹೊಳೆಯೊಂದಕ್ಕೆ ಅಡ್ಡಲಾಗಿ 1980ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಅದು. ವಿಸ್ತೀರ್ಣ 27,000 ಎಕರೆಗೂ ಹೆಚ್ಚು. ನೀರು ತುಂಬುವ ಮೊದಲು ಅಲ್ಲಿಯ ಮರಗಳಲ್ಲಿ ಎಷ್ಟನ್ನೋ ಕಡಿಯದೆ ಬಿಟ್ಟಿದ್ದರಿಂದ ಇಂದಿಗೂ ನೀರಿನ ನಡುವೆ ಬೋಳು ಕೊರಡುಗಳು ಸಾಲುಸಾಲಾಗಿ ನಿಂತಿವೆ. ಮೊದಲ ಸಲ ಆ ನೋಟ ಕಂಡಾಗ, ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದ ಮೇಲೆ ಎದ್ದು ಕಾಣುವ ಮರದ ಬೊಡ್ಡೆಗಳು ಕಣ್ಣ ಮುಂದೆ ಬಂದು, ದೋಣಿ ಹತ್ತುವುದನ್ನೂ ಮರೆತು ದಡದಲ್ಲೇ ನಿಂತುಬಿಟ್ಟಿದ್ದೆ.

ಇಲ್ಲಿ ಎಲ್ಲರೂ ಅರಸಿ ಬರುವ ಮೀನು ಲಾರ್ಜ್‌ಮೌತ್ ಬಾಸ್. ಹಸಿರು ಮೈ, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ, ಬಾಯಿ ಮುಚ್ಚಿದಾಗಲೂ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುವ ಮೇಲ್ದವಡೆ. ಸ್ವಭಾವದಲ್ಲಿ ನಮ್ಮ ಕೆರೆಯ ಕೊರವ ಮೀನಿನ ದಾಯಾದಿ ಎನ್ನಬಹುದು. ಬೇಟೆಯ ಹಿಂದೆ ಬಹುದೂರ ಅಟ್ಟಿಕೊಂಡು ಹೋಗುವುದಕ್ಕಿಂತ ಕೊರಡಿನ ನೆರಳಿನಲ್ಲೋ ಜೊಂಡಿನ ಅಂಚಿನಲ್ಲೋ ಕಾದಿದ್ದು, ಹತ್ತಿರ ಬಂದದ್ದರ ಮೇಲೆ ಒಮ್ಮೆಲೇ ಎರಗುವುದೇ ಅದರ ರೂಢಿ. 1992ರ ಜನವರಿಯಲ್ಲಿ ಇದೇ ಜಲಾಶಯದಲ್ಲಿ ಸಿಕ್ಕ 18.18 ಪೌಂಡಿನ, ಎಂದರೆ ಸುಮಾರು 8.2 ಕಿಲೊ ತೂಕದ ಬಾಸ್, ಟೆಕ್ಸಸ್ ರಾಜ್ಯದ ದಾಖಲೆಯಾಗಿ ಉಳಿದಿದೆ.

ಇನ್ನು ತಾವು ಕೇಳಿದ ತಂತಿಯ ವಿಷಯ. ಸ್ಪಿನ್ನರ್‌ಬೇಟ್ ಎಂದರೆ ಬಾಯಿ ತೆರೆದ ಪಿನ್ನಿನ ಹಾಗೆ ಬಗ್ಗಿಸಿದ ಉಕ್ಕಿನ ತಂತಿ. ಕೆಳಗಿನ ತೋಳಿನ ತುದಿಯಲ್ಲಿ ಸೀಸದ ತಲೆ, ಅದರ ಹಿಂದೆ ಮೊನೆ ಮೇಲಾಗಿ ನಿಂತ ಒಂದೇ ಒಂದು ಗಾಳ, ಗಾಳವನ್ನು ಮರೆಮಾಡುವಂತೆ ಸೀರೆಯ ಸೆರಗಿನ ಕುಚ್ಚನ್ನು ಹೋಲುವ ಸಿಲಿಕೋನ್ ಎಳೆಗಳು. ಮೇಲಿನ ತೋಳಿನಲ್ಲಿ ತಿರುಗುವ ಕೊಂಡಿಗೆ ಸಿಕ್ಕಿಸಿದ ಒಂದೋ ಎರಡೋ ತಗಡಿನ ಎಲೆಗಳು. ದಾರ ಎಳೆದಾಗ ಎಲೆ ಗಿರಗಿರನೆ ತಿರುಗಿ ಮಿಂಚುತ್ತದೆ, ನೀರನ್ನು ಬಡಿಯುತ್ತದೆ. ಮೀನಿನ ಪಕ್ಕೆಯ ಗೆರೆಯಲ್ಲಿ ನೀರಿನ ಅದುರುವಿಕೆಯನ್ನು ಗ್ರಹಿಸುವ ಶಕ್ತಿ ಇರುವುದರಿಂದ, ನೀರು ಕದಡಿ ಕಣ್ಣಿಗೆ ಏನೂ ಕಾಣದಿದ್ದರೂ ಅದಕ್ಕೆ ಬಡಿತ ಮುಟ್ಟುತ್ತದೆ. ಇಲ್ಲಿ ಬಾಸ್‌ನ ಮುಖ್ಯ ಆಹಾರಗಳಲ್ಲೊಂದಾದ ಶ್ಯಾಡ್ ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನಿನ ಗುಂಪು ಓಡುವಾಗ ಆಗುವ ಮಿಂಚು ಮತ್ತು ಅದುರನ್ನೇ ಈ ತಗಡು ಅನುಕರಿಸುತ್ತದೆ.

ಎಲೆಯ ಆಕಾರದಲ್ಲೇ ಅರ್ಧ ವಿದ್ಯೆ ಅಡಗಿದೆ. ವಿಲ್ಲೋ ಎಂಬುದು ಬಿದಿರೆಲೆಯಂತೆ ನೀಳ. ನೀರಿನ ತಡೆ ಕಡಿಮೆ, ಮಿಂಚು ಹೆಚ್ಚು, ಆದ್ದರಿಂದ ತಿಳಿನೀರಿನಲ್ಲಿ ಬೇಗಬೇಗ ಎಳೆಯಲು ತಕ್ಕದ್ದು. ಕೊಲೊರಾಡೊ ಎಂಬುದು ದುಂಡಗೆ, ಚಮಚದ ತಲೆಯಂತೆ ಗುಳಿಬಿದ್ದದ್ದು. ಬಡಿತ ಜೋರು, ನಿಧಾನವಾಗಿ ಎಳೆದರೂ ಬೇಟನ್ನು ಮೇಲಕ್ಕೆತ್ತಿ ಹಿಡಿಯುತ್ತದೆ, ಕೆಂಪು ನೀರಿಗೂ ರಾತ್ರಿಗೂ ಅದೇ ಸರಿ. ಇಂಡಿಯಾನಾ ಇವೆರಡರ ನಡುವಿನದು. ಬಣ್ಣದ ಬಗ್ಗೆ ಅಂಗಡಿಗಳಲ್ಲಿ ನೂರು ಮಾತು ಹೇಳುತ್ತಾರೆ. ನನ್ನ ಮಟ್ಟಿಗೆ ಹಗಲಿಗೆ ಬಿಳಿ, ಕದಡಿದ ನೀರಿಗೆ ಗಿಳಿಹಸಿರು ಬೆರೆತ ಬಿಳಿ, ರಾತ್ರಿಗೆ ಕಪ್ಪು, ಇಷ್ಟು ಸಾಕು.

ಮೊದಲ ಮೂರು ಸಲ ನಾನು ಬರಿಗೈಯಲ್ಲಿ ಮರಳಿದೆ. ಗಾಳ ಸಿಕ್ಕಿಕೊಂಡೀತೆಂಬ ಹೆದರಿಕೆಯಿಂದ ಕೊರಡುಗಳನ್ನು ತಪ್ಪಿಸಿ ಬಯಲು ನೀರಿನಲ್ಲೇ ಎಳೆಯುತ್ತಿದ್ದೆ. ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು, ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು, ಒಂದು ಬೆಳಿಗ್ಗೆ ತಮ್ಮ ದೋಣಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೋಗಿ ತಪ್ಪನ್ನು ತೋರಿಸಿಕೊಟ್ಟರು. ತಂತಿಯ ಮೇಲಿನ ತೋಳು ಗಾಳಕ್ಕಿಂತ ಮೊದಲು ಮರಕ್ಕೆ ತಾಗಿ ಮೊನೆಯನ್ನು ಕಾಯುತ್ತದೆ; ಬೇರೆ ಬೇಟುಗಳು ಹೋಗಲಾರದ ಕಡೆಗೆ ಹೋಗಲೆಂದೇ ಇದನ್ನು ಮಾಡಿದ್ದು. ಹಾಗಾಗಿ ಕೊರಡಿನಿಂದ ಐದಾರು ಅಡಿ ಆಚೆಗೆ ಎಸೆದು, ಕೊರಡಿಗೆ ಬೇಕೆಂದೇ ತಾಗುವಂತೆ ಎಳೆದು ತರಬೇಕು. ತಾಗಿದ ಕ್ಷಣ ಬೇಟು ಮುಗ್ಗರಿಸುತ್ತದೆ, ಎಲೆಯ ಲಯ ತಪ್ಪುತ್ತದೆ. ಅಲ್ಲಿ ಎಳೆತ ನಿಲ್ಲಿಸಿ ದಾರವನ್ನು ಅರೆಬಿಗಿಯಲ್ಲಿಟ್ಟರೆ ಎಲೆ ತಿರುಗುತ್ತಲೇ ಬೇಟು ಕೊರಡಿನ ಬುಡಕ್ಕೆ ಇಳಿಯುತ್ತದೆ. ಗಾಯಗೊಂಡ ಮೀನು ಹಾಗೆಯೇ ಇಳಿಯುತ್ತದೆಯಲ್ಲವೇ? ನನಗೆ ಸಿಕ್ಕ ಬಾಸ್‌ಗಳಲ್ಲಿ ಹೆಚ್ಚಿನವು ಈ ಮುಗ್ಗರಿಸುವ ಗಳಿಗೆಯಲ್ಲೇ ಸಿಕ್ಕಿವೆ.

ಕಳೆದ ಶನಿವಾರದ್ದನ್ನೇ ಹೇಳುತ್ತೇನೆ. ನೀರಿನ ಉಷ್ಣತೆ 16 ಡಿಗ್ರಿ ಸೆಲ್ಸಿಯಸ್ ಇತ್ತು. ಮೊಟ್ಟೆಯಿಡುವ ಕಾಲ ಸಮೀಪಿಸಿ ಮೀನುಗಳು ಆಳ ಬಿಟ್ಟು ದಡದತ್ತ ಬರುವ ಹೊತ್ತು. ದಕ್ಷಿಣದ ಗಾಳಿ ಜೋರಾಗಿದ್ದುದರಿಂದ ಗಾಳಿ ಬಡಿಯುವ ದಡವನ್ನೇ ಆರಿಸಿಕೊಂಡೆ, ಏಕೆಂದರೆ ಅಲೆಯೆದ್ದ ನೀರಿನಲ್ಲಿ ಬೆಳಕು ಚದುರಿ ಮೀನಿಗೆ ತಂತಿಯನ್ನು ಪರೀಕ್ಷಿಸಿ ನೋಡಲು ಆಸ್ಪದವಾಗುವುದಿಲ್ಲ. ಅರ್ಧ ಔನ್ಸಿನ, ಎಂದರೆ 14 ಗ್ರಾಮಿನ ಬೇಟು. ಎಳೆಯುವಾಗ ಎಲೆಯ ಬಡಿತ ದಾರದಲ್ಲಿ ಹಾದು ಕೋಲಿನ ಮೂಲಕ ಅಂಗೈಗೆ ನಾಡಿಯಂತೆ ಬರುತ್ತಿತ್ತು. ಕೊರಡಿಗೆ ಟಕ್ಕೆಂದು ತಾಗಿತು, ಇಳಿಯಿತು, ಮತ್ತೆ ಎಳೆಯಲು ತೊಡಗಿದಾಗ ಬಡಿತವೇ ಇಲ್ಲ. ಜಗ್ಗುವಿಕೆ ಇಲ್ಲ, ಭಾರವೂ ಇಲ್ಲ. ನಾಡಿ ನಿಂತಿತ್ತು, ಅಷ್ಟೇ. ಬಡಿತ ನಿಂತರೆ ಮೀನಿನ ಬಾಯಲ್ಲಿದೆ ಎಂದೇ ತಿಳಿಯಬೇಕೆಂದು ಆ ಹಿರಿಯರು ಹೇಳಿದ್ದರು. ಕೋಲನ್ನು ಪಕ್ಕಕ್ಕೆ ಬಲವಾಗಿ ಎಳೆದೆ. ಇಪ್ಪತ್ತು ಅಂಗುಲದ ಬಾಸ್, ತೂಕ ಎರಡು ಕಿಲೊ ಮೀರಿತ್ತು. ಕೆಳದುಟಿಯನ್ನು ಹೆಬ್ಬೆರಳಿನಿಂದ ಹಿಡಿದು ಎತ್ತಿದಾಗ ಅದರ ಸಣ್ಣ ಹಲ್ಲುಗಳು ಉಜ್ಜುಕಾಗದದಂತೆ ಚರ್ಮ ತರಿದವು. ಇದನ್ನು ಬರೆಯುವಾಗಲೂ ಬೆರಳು ಚುರುಗುಟ್ಟುತ್ತಿದೆ.

ಆ ಮೀನನ್ನು ನೀರಿಗೇ ಬಿಟ್ಟೆ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಅಂಗುಲದೊಳಗಿನ ಬಾಸನ್ನು ಕೂಡಲೇ ಬಿಡಬೇಕೆಂಬುದು ಕಾನೂನು. ಅಮ್ಮನಿಗೆ ಇದು ಅನ್ಯಾಯವೆನಿಸಬಹುದು, ಆದರೆ ಮೊಟ್ಟೆಯಿಡುವ ಗಟ್ಟಿ ಮೀನುಗಳು ಉಳಿದುದರಿಂದಲೇ ಈ ಹಿನ್ನೀರು ಹೀಗಿದೆ ಎಂದು ನಾನು ನಂಬಿದ್ದೇನೆ.

ಚಳಿಗಾಲದಲ್ಲಿ ಮೀನು ಜಡವಾಗಿ ಆಳಕ್ಕಿಳಿದಾಗ ಭಾರದ ಬೇಟನ್ನು ನೆಲಕ್ಕೆ ತಾಗಿತಾಗದಂತೆ ಬಹಳ ನಿಧಾನವಾಗಿ ಉರುಳಿಸಿ ತರಬೇಕು. ಇದಕ್ಕೆ ನನ್ನಲ್ಲಿ ಇನ್ನೂ ಸಾಕಷ್ಟು ತಾಳ್ಮೆ ಬಂದಿಲ್ಲ. ಬೇಟು ಒಂದು ಪಕ್ಕಕ್ಕೆ ವಾಲಿದರೆ ಮೇಲಿನ ತಂತಿಯನ್ನು ಗಾಳದ ನೇರಕ್ಕೆ ಬಗ್ಗಿಸಿಕೊಳ್ಳಬೇಕು. ಮೀನು ಕುಚ್ಚನ್ನು ಮಾತ್ರ ಕಚ್ಚಿ ಬಿಡುತ್ತಿದ್ದರೆ ಗಾಳದ ಬೆನ್ನಿಗೆ ಇನ್ನೊಂದು ಗಾಳ ಪೋಣಿಸಬೇಕು.

ಮುಂದಿನ ತಿಂಗಳು ಸಾಗರಕ್ಕೆ ಬರುವ ಸ್ನೇಹಿತನ ಕೈಯಲ್ಲಿ ಎರಡು ಸ್ಪಿನ್ನರ್‌ಬೇಟುಗಳನ್ನು ಕಳುಹಿಸುತ್ತಿದ್ದೇನೆ. ಮೊನೆಗೆ ಬಿರಡೆ ಚುಚ್ಚಿದ್ದೇನೆ, ಮಕ್ಕಳ ಕೈಗೆ ಸಿಗದಂತೆ ಇಡಿಸಿ. ಎರಡಕ್ಕೂ ಒಂದೊಂದೇ ಕೊಲೊರಾಡೊ ಎಲೆಯಿದೆ. ತಮ್ಮ ಬಿದಿರಿನ ಕೋಲಿಗೆ ರೀಲು ಇಲ್ಲವೆಂದು ಯೋಚಿಸುವುದು ಬೇಡ. ಕೊಂಡಿ ಹಾಕದೆ ದಾರವನ್ನು ತಂತಿಯ ಬಾಗಿಗೇ ನೇರವಾಗಿ ಕಟ್ಟಿ, ಕೆರೆಯ ಕೋಡಿಯ ಪಕ್ಕದ ಹಳೆಯ ಬೊಡ್ಡೆಯ ಬುಡಕ್ಕೆ ಇಳಿಬಿಟ್ಟು, ಎರಡು ಅಡಿ ಏರಿಸಿ ಮತ್ತೆ ಇಳಿಸಿ ನೋಡಿ. ಇಳಿಯುವಾಗಲೂ ಎಲೆ ತಿರುಗುತ್ತದೆ. ಕೊರವ ಏರುವಾಗ ಹಿಡಿಯುತ್ತದೆಯೋ ಇಳಿಯುವಾಗಲೋ ಎಂಬುದನ್ನು ದಯವಿಟ್ಟು ಮರೆಯದೆ ತಿಳಿಸಿ. ಅಮ್ಮನಿಗೆ ನನ್ನ ನಮಸ್ಕಾರಗಳು.

ಇಂತಿ ತಮ್ಮ ಆಶೀರ್ವಾದ ಬೇಡುವ ಮಗ