ಕೈ ಕೂಡಿತು ಅಂದ ಮಾತ್ರಕ್ಕೆ

ಗ್ಲಾಸ್ಗೋ
ಭಾನುವಾರ

ಪ್ರೀತಿಯ ಅಣ್ಣನಿಗೆ,

ಅತ್ತಿಗೆ, ಮಕ್ಕಳು ಎಲ್ಲ ಚೆನ್ನಾಗಿದ್ದಾರೆ ತಾನೆ? ಇಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ಈ ಹೊತ್ತಿಗೆ ದಾವಣಗೆರೆಯಲ್ಲಿ ಮೆಣಸಿನಕಾಯಿ ಬಾಣಲೆಗೆ ಬೀಳುತ್ತಿರುತ್ತದೆ ಅಂತ ನೆನೆದು ಒಣ ಮಂಡಕ್ಕಿ ತಿಂದೆ.

ಅವ್ವನ ಕೈ ಪ್ಲಾಸ್ಟರ್ ಬಿಚ್ಚಿದರು, ಮೂಳೆ ಕೂಡಿದೆ, ಇನ್ನೇನೂ ಚಿಂತೆ ಇಲ್ಲ ಅಂದೆಯಲ್ಲ, ನನಗೆ ಅವತ್ತಿನಿಂದಲೇ ಚಿಂತೆ. ಫೋನಲ್ಲಿ ಹೇಳಿದರೆ "ಆಯ್ತು ಆಯ್ತು" ಅಂತೀಯ. ಅದಕ್ಕೇ ಈ ಕಾಗದ.

ನಾನಿಲ್ಲಿ ಮಾಡುವ ಕೆಲಸ ಏನು ಅಂತ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಐವತ್ತು ದಾಟಿದವರು ನಿಂತಲ್ಲೇ ಬಿದ್ದು ಮೂಳೆ ಮುರಿದುಕೊಂಡರೆ ಅವರ ಹೆಸರು ನನ್ನ ಪಟ್ಟಿಗೆ ಬರುತ್ತದೆ. ಅವರನ್ನು ಕರೆಸಬೇಕು, ಮೂಳೆ ಎಷ್ಟು ಸವೆದಿದೆ ಅಂತ ನೋಡಿಸಬೇಕು, ಔಷಧಿ ಶುರು ಮಾಡಿಸಬೇಕು, ಬಿಡದೆ ತಗೊಳ್ತಿದ್ದಾರಾ ಅಂತ ಮತ್ತೆ ವಿಚಾರಿಸಬೇಕು. ಈ ಊರಲ್ಲಿ ಇದು 1999ರಲ್ಲೇ ಶುರುವಾಯಿತು. ಯಾಕೆ ಗೊತ್ತಾ? ಹೀಗೆ ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಭಯ ಸುಮಾರು ಎರಡು ಪಟ್ಟು. ಮೊದಲ ಎರಡು ವರ್ಷ ಇನ್ನೂ ಜಾಸ್ತಿ. ದಿನಾ ಯಾರ್ಯಾರದೋ ಅವ್ವಂದಿರಿಗೆ ಫೋನ್ ಮಾಡುತ್ತೇನೆ. ನಮ್ಮವ್ವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಅಜ್ಜಿ ನೆನಪಿದೆಯಾ? ಮೊದಲು ಕೈ. ಎಣ್ಣೆ ಕಟ್ಟು ಕಟ್ಟಿಸಿ ಸುಮ್ಮನಾದೆವು. ಮರುವರ್ಷ ಸೊಂಟ. ಆಮೇಲೆ ನಡುಮನೆಯ ಮಂಚ ಬಿಟ್ಟು ಏಳಲೇ ಇಲ್ಲ. ತಾಯಿಗೆ ಸೊಂಟ ಮುರಿದಿದ್ದರೆ ಮಕ್ಕಳಿಗೂ ಆ ಭಯ ಇದ್ದೇ ಇರುತ್ತದೆ. ಇಲ್ಲಿ ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಇನ್ನೊಂದು ಮಾತು. ಹೋದ ವಾರ ವಿಡಿಯೋದಲ್ಲಿ ಅವ್ವ ದೇವರ ಗೂಡಿಗೆ ದೀಪ ಇಡುತ್ತಿದ್ದಳು. ತುದಿಗಾಲಲ್ಲಿ ನಿಂತರೂ ಕೈ ಎಟುಕಲಿಲ್ಲ, ನಿನ್ನ ಮಗಳನ್ನು ಕರೆದಳು. ಮೊದಲು ಆ ಗೂಡಿನ ಒಳಗಿನ ಧೂಳನ್ನೂ ಅವಳೇ ಒರೆಸುತ್ತಿದ್ದಳು, ಅಲ್ವಾ? ಗೂಡೇನೂ ಮೇಲೆ ಹೋಗಿಲ್ಲ, ಅವ್ವನೇ ಕುಳ್ಳಗಾಗಿದ್ದಾಳೆ. ವಯಸ್ಸಾದವರ ಬೆನ್ನಿನ ಮೂಳೆ ಎಷ್ಟೋ ಸಲ ಬೀಳದೇ ಕುಸಿಯುತ್ತದೆ. ಬೆನ್ನುನೋವು ಅಂತ ಮುಲಾಮು ಹಚ್ಚಿಕೊಂಡು ಸುಮ್ಮನಿರುತ್ತಾರೆ. ಬೆನ್ನಿನ ಎಕ್ಸ್‌ರೇ ತೆಗೆಸು.

ಜೊತೆಗೆ ಡೆಕ್ಸಾ ಸ್ಕ್ಯಾನ್ ಮಾಡಿಸು, ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವುದು. ಕ್ಯಾಂಪುಗಳಲ್ಲಿ ಹಿಮ್ಮಡಿ ಇಡಿಸಿ ನೋಡುತ್ತಾರಲ್ಲ, ಅದಲ್ಲ. ಮಲಗಿಸಿ ಸೊಂಟ, ಬೆನ್ನು ನೋಡುವುದು. ಅದರ ರಿಪೋರ್ಟಿನಲ್ಲಿ ಟಿ-ಸ್ಕೋರ್ ಅಂತ ಇರುತ್ತದೆ, ಯೌವನದ ಗಟ್ಟಿ ಮೂಳೆಗೆ ಹೋಲಿಸಿ ಕೊಡುವ ಅಂಕ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ. ವಿಟಮಿನ್ ಡಿ, ಕಿಡ್ನಿ, ಥೈರಾಯ್ಡ್ ರಕ್ತ ಪರೀಕ್ಷೆಯನ್ನೂ ಕೇಳು.

ಬರೀ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರೆ ಹೂಂ ಅಂದು ಬರಬೇಡ. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ನಿಜ. ಅದಕ್ಕೆ ರಾಗಿ ಮುದ್ದೆ, ಮೊಸರು ಇದೆ. 100 ಗ್ರಾಂ ರಾಗಿಯಲ್ಲೇ ಮುನ್ನೂರು ಮಿಲಿಗ್ರಾಂ ದಾಟುತ್ತದೆ. ಆದರೆ ಸವೆದ ಮೂಳೆಗೆ ಅದೊಂದೇ ಸಾಲದು. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬಾ ಬರೀ ನೀರಿನ ಜೊತೆ ತಗೊಳ್ಳಬೇಕು. ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಚಹಾ ಕುಡಿಯದೆ ಅವ್ವನ ಬೆಳಗು ಆಗಲ್ಲ ಅಂತ ಗೊತ್ತು. ನುಂಗಿ ಪೂಜೆಗೆ ಕೂರಲಿ, ಹೊತ್ತು ತಾನೇ ಕಳೆಯುತ್ತದೆ. ಅವತ್ತೊಂದು ದಿನ ದೇವರಿಗೆ ಅಡ್ಡ ಬೀಳುವುದು ಬೇಡ, ಪ್ರಸಾದ ಆಮೇಲೆ.

ಅವಳಿಗೆ ಎದೆಯುರಿ ಇದೆಯಲ್ಲ, ಅದನ್ನು ಡಾಕ್ಟರಿಗೆ ಹೇಳು. ಮಾತ್ರೆ ಆಗದಿದ್ದರೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೋನಿಕ್ ಆಸಿಡ್ ಇದೆ. ಮೊದಲ ಸಲ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು, ಗಾಬರಿಯಾಗಬೇಡ. ಈ ಔಷಧಿಗಳಿಂದ ಅಪರೂಪಕ್ಕೆ ದವಡೆ ಮೂಳೆಗೆ ತೊಂದರೆ ಆಗುವುದುಂಟು, ಆ ಅಲ್ಲಾಡುವ ಹಲ್ಲನ್ನು ಮೊದಲೇ ತೋರಿಸಿಬಿಡು. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ಅಂದರೆ ಮಾತ್ರ ತಾರೀಖು ತಪ್ಪಿಸುವ ಹಾಗಿಲ್ಲ. ಡಾಕ್ಟರನ್ನು ಕೇಳದೆ ಬಿಟ್ಟರೆ ಬೆನ್ನಿನ ಮೂಳೆಗಳು ಒಂದರ ಮೇಲೊಂದು ಕುಸಿಯಬಹುದು.

ಬಚ್ಚಲಿನ ಮಾತು ಬಂದರೆ ನಿನಗೆ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ. ಆ ಹೊಳೆಯುವ ಟೈಲ್ಸ್ ಹಾಕಿಸುವಾಗಲೇ ನಾನು ಬೇಡ ಅಂದಿದ್ದೆ. ಅವುಗಳ ಮೇಲೆ ಸೋಪಿನ ನೀರು ಬಿದ್ದರೆ ನಾನೇ ಜಾರುತ್ತೇನೆ. ಗೋಡೆಗೆ ಒಂದು ಕಂಬಿ ಹಾಕಿಸು. ರಾತ್ರಿ ಅಲ್ಲೊಂದು ಸಣ್ಣ ಲೈಟು ಉರಿಯುತ್ತಿರಲಿ. ಅವಳ ನಿದ್ದೆ ಮಾತ್ರೆ, ಬಿಪಿ ಮಾತ್ರೆ ಎರಡನ್ನೂ ಡಾಕ್ಟರಿಗೆ ತೋರಿಸು. ಎದ್ದ ತಕ್ಷಣ ತಲೆ ಸುತ್ತುವುದು ಅದರಿಂದಲೂ ಇರಬಹುದು. ಎಡಗಣ್ಣಿನ ಪೊರೆ ಆಪರೇಷನ್ನನ್ನೂ ಇನ್ನು ಮುಂದೂಡಬೇಡ.

ಬಿದ್ದಾಳು ಅಂತ ಅವಳನ್ನು ಕುರ್ಚಿಗೆ ಅಂಟಿಸಿ ಕೂರಿಸಬೇಡಿ ಅಂತ ಅತ್ತಿಗೆಗೂ ಹೇಳು. ಕೂತಷ್ಟೂ ಕಾಲಿನ ಬಲ ಹೋಗುತ್ತದೆ. ರೊಟ್ಟಿ ಬಡಿಯಲಿ, ಸಂಜೆ ಗುಡಿಗೆ ನಡೆದು ಹೋಗಲಿ.

ಗುರುವಾರ ನಿಮ್ಮ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಸ್ಕ್ಯಾನ್ ಯಾವತ್ತು ಅಂತ ತಾರೀಖು ಹೇಳು. ಈ ಕಾಗದವನ್ನು ಅವ್ವನಿಗೆ ಓದಿ ಹೇಳುವಾಗ ಅಜ್ಜಿಯ ಮಾತು ಬಿಟ್ಟು ಓದು.

ನಿನ್ನ ತಂಗಿ,
ಗೌರಿ