ಅಶೋಕನಗರದ ನಮ್ಮ ಮನೆ ಮಾರಾಟಕ್ಕಿದೆ

ಎಲ್ಲರಿಗೂ ನಮಸ್ಕಾರ. ತುಮಕೂರು ಅಶೋಕನಗರದಲ್ಲಿ ಅಪ್ಪ ಕಟ್ಟಿಸಿದ್ದ ಮನೆಯನ್ನು ಕೊಡೋಣ ಅಂತ ಅಮ್ಮ, ಅಕ್ಕ, ನಾನು ತೀರ್ಮಾನ ಮಾಡಿದ್ದೀವಿ. ಹೊರಗಿನವರಿಗೆ ಹೇಳೋ ಮುಂಚೆ ನಮ್ಮವರಿಗೆ ತಿಳಿಸೋಣ ಅಂತ ಇಲ್ಲಿ ಹಾಕ್ತಿದ್ದೀನಿ.

ಸೈಟು 40x60, ಪೂರ್ವ ದಿಕ್ಕು. ಮೂರು ರೂಮು, ಹಾಲು, ಕೆಂಪು ಗಾರೆ ನೆಲ. ಬರಿಗಾಲಲ್ಲಿ ನಡೆದರೆ ಏಪ್ರಿಲ್‌ನಲ್ಲೂ ತಣ್ಣಗಿರುತ್ತೆ. ಹಿತ್ತಲಲ್ಲಿ ಹಲಸಿನ ಮರ ಇದೆ, ಕಾಯಿ ಬುಡದಲ್ಲೇ ಬಿಡುತ್ತೆ, ಏಣಿ ಬೇಕಿಲ್ಲ. ಅದನ್ನ ಕಡಿಯೋರಿಗೆ ಕೊಡಬೇಡ ಅಂತ ಅಮ್ಮನ ಹಟ. ಮಾರಿದ ಮೇಲೆ ನಮ್ಮ ಮಾತು ಎಲ್ಲಿ ನಡೆಯುತ್ತೆ, ಆದರೂ ಹೇಳಿದ್ದೀನಿ.

ಮುಚ್ಚುಮರೆ ಇಲ್ಲ: ಜೋರು ಮಳೆಗೆ ಅಡುಗೆಮನೆ ಮೂಲೆ ಸೋರುತ್ತೆ, ವೈರಿಂಗ್ ಹಳೇದು.

ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಆಗಿದೆ, ಅದಿಲ್ಲದೆ ಈಗ ನೋಂದಣಿಯೇ ಆಗಲ್ಲ. ಇಸಿ (ಆಸ್ತಿ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸೋ ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ನೀವೇ ತೆಗೆದು ನೋಡಬಹುದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ಮುದ್ರಾಂಕ ಶುಲ್ಕ ಬೇರೆ. ಬಜೆಟ್ ಹಾಕುವಾಗ ಮರೀಬೇಡಿ.

ರೇಟು ಗುಂಪಲ್ಲಿ ಕೇಳಬೇಡಿ, ನನಗೆ ಪ್ರತ್ಯೇಕ ಮೆಸೇಜ್ ಮಾಡಿ. ಭಾನುವಾರ ಬೆಳಿಗ್ಗೆ ಬಂದು ನೋಡಬಹುದು. ಬ್ರೋಕರ್‌ಗಳಿಗೆ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು.