ರ‍್ಯಾಂಕ್ ಪಟ್ಟಿ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳ ರ‍್ಯಾಂಕ್ ಸ್ಕ್ರೀನ್‌ಶಾಟ್‌ಗಳು ಗುಂಪಿನಲ್ಲಿ ಜಾಸ್ತಿ ಆಗಿವೆ. ಹಾಕಿ, ತೊಂದರೆ ಇಲ್ಲ. ಆದರೆ ಯಾವ ವರ್ಷದ್ದು, ಯಾವ ಪಟ್ಟಿ ಅಂತ ಜೊತೆಗೇ ಬರೆಯಿರಿ.

ವರ್ಷ ಯಾಕೆ ಅಂದರೆ, ಪ್ರತಿವರ್ಷ ಇಂಥ ಪಟ್ಟಿ ಹೊರಡಿಸುವ ಅಮೆರಿಕದ ಸಂಸ್ಥೆ ಯುಎಸ್ ನ್ಯೂಸ್‌ನವರು 2023ರ ಸೆಪ್ಟೆಂಬರಿನಲ್ಲಿ ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿದರು. ತರಗತಿಯ ಗಾತ್ರ, ಹಳೆ ವಿದ್ಯಾರ್ಥಿಗಳ ದೇಣಿಗೆ ಇವನ್ನು ಕೈಬಿಟ್ಟರು. ಬಡ ಕುಟುಂಬದ ಮಕ್ಕಳು ಎಷ್ಟು ಜನ ಪದವಿ ಮುಗಿಸುತ್ತಾರೆ ಅನ್ನುವುದಕ್ಕೆ ತೂಕ ಹೆಚ್ಚಿಸಿದರು. ಹಲವು ಸರ್ಕಾರಿ ವಿಶ್ವವಿದ್ಯಾಲಯಗಳು ಒಂದೇ ಸಲಕ್ಕೆ ಮೇಲೆ ಜಿಗಿದವು. ಪಾಠ ಮಾಡುವವರು ಅವರೇ, ಅಳತೆಗೋಲು ಬೇರೆ! ಹಾಗಾಗಿ ಹಳೆಯ ಪಟ್ಟಿಗೂ ಹೊಸದಕ್ಕೂ ಸುಮ್ನೆ ಹೋಲಿಕೆ ಬೇಡ.

ಯುಎಸ್ ನ್ಯೂಸ್ ಲೆಕ್ಕದಲ್ಲಿ ನೂರರಲ್ಲಿ 20 ಅಂಕ ಬೇರೆ ವಿಶ್ವವಿದ್ಯಾಲಯಗಳ ಮುಖ್ಯಸ್ಥರ ಅಭಿಪ್ರಾಯಕ್ಕೆ ಹೋಗುತ್ತದೆ. ನನಗಂತೂ ಇದು ವಿಚಿತ್ರ ಅನಿಸುತ್ತದೆ.

ಯಾವ ಪಟ್ಟಿ ಅನ್ನುವುದೂ ಮುಖ್ಯ. ಎಂಎಸ್‌ಗೆ (ಸ್ನಾತಕೋತ್ತರ ಪದವಿಗೆ) ಹೊರಟವರು ವಿಭಾಗದ ರ‍್ಯಾಂಕ್ ನೋಡಿ. ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯ ಒಟ್ಟಾರೆ ಪಟ್ಟಿಯಲ್ಲಿ ಮೊದಲ 25ರಲ್ಲಿ ಕಾಣುವುದಿಲ್ಲ, ಕಂಪ್ಯೂಟರ್ ಸೈನ್ಸ್‌ನಲ್ಲಿ ಮೊದಲ 10ರೊಳಗಿದೆ.

ಇನ್ನು ಫೀಸು. ಸರ್ಕಾರಿ ಅಂದ ಮಾತ್ರಕ್ಕೆ ನಮಗೆ ಅಗ್ಗ ಆಗುವುದಿಲ್ಲ. ಕಡಿಮೆ ಶುಲ್ಕ ಆಯಾ ರಾಜ್ಯದವರಿಗೆ. ಪ್ರಶ್ನೆ ಇದ್ದವರು ಕೋರ್ಸಿನ ಹೆಸರು ಸೇರಿಸಿ ಇಲ್ಲೇ ಕೇಳಿ.